ಎ ಹಾಳೆ, ಬಿ ಹಾಳೆ

ಹರಿಣಿ ಮೊದಲ ಸಲ ಬಂದಾಗ ನಾನು ಅವಳನ್ನು ಹೊರಗೆ ಕಳಿಸಿದೆ. ಪಾಠದ ನಡುವೆ ಬಾಗಿಲು ತಟ್ಟುವವರನ್ನು ನಾನು ಹೊರಗೇ ಕಳಿಸುವುದು. ಅವಳು ಮೆಟ್ಟಿಲ ಮೇಲೆ ಕೂತು ಪಾಠ ಮುಗಿಯುವವರೆಗೂ ಕಾದಳು. ಅದು ನನಗೆ ಹಿಡಿಸಿತು. ಹೇಳಲಿಲ್ಲ.

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯ ಬೇಸ್‌ಮೆಂಟ್ ಹಾಲಿನಲ್ಲಿ ಶನಿವಾರ, ಭಾನುವಾರ ನಾನು ಎಂಟನೆಯ ತರಗತಿಯವರಿಗೆ ಗಣಿತ ಹೇಳಿಕೊಡುತ್ತೇನೆ. ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಹಿಡಿದ ಕೆಲಸ ಇದು. ಎಲ್ಲ ಕರ್ನಾಟಕದವರ ಮಕ್ಕಳು. ಅಪ್ಪಂದಿರಲ್ಲಿ ಅರ್ಧ ಜನ ಫೌಜಿನವರು, ಇನ್ನರ್ಧ ಗುರುಗ್ರಾಮದ ಕಂಪನಿಗಳವರು. ನನ್ನ ಪದ್ಧತಿ ಒಂದೇ. ಒಂದು ಬಗೆಯ ಲೆಕ್ಕ ಹಿಡಿದರೆ ಅದು ಕೈಗೆ ಹತ್ತುವವರೆಗೆ ಅದನ್ನೇ ಮಾಡಿಸುವುದು. ಆಮೇಲೆ ಮುಂದಿನದು. ನಮ್ಮೂರ ಶಾಲೆಯಲ್ಲಿ ನಾನು ಕಲಿತದ್ದೂ ಹೀಗೆಯೇ.

ಹರಿಣಿ ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹಿಡಿದು ಪಕ್ಕದ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಅಪ್ಪ ಅಮ್ಮ ಮಂಡ್ಯದವರು, ಈಗ ಊರಿಗೇ ಮರಳಿದ್ದರು; ಅವಳು ಬೆಳೆದದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ.

“ಮನಶ್ಶಾಸ್ತ್ರ ಅಂದ್ರೆ ಹುಚ್ಚರದ್ದು ತಾನೆ? ಇಲ್ಲೇನು ಕೆಲಸ?” ಎಂದೆ.

“ಅದಲ್ಲ ಅಂಕಲ್. ಮಕ್ಕಳು ಲೆಕ್ಕ ಹೇಗೆ ಕಲೀತಾರೆ ಅಂತ ನೋಡೋದು.”

“ಕೂತು ಮಾಡಿದ್ರೆ ಕಲೀತಾರೆ. ಬರ್ಕೋ. ಮುಗೀತಲ್ಲ ನಿನ್ನ ಪಿಎಚ್‌ಡಿ?”

“ಬರ್ಕೊಂಡೆ. ಯಾವ ಲೆಕ್ಕದ ಹಿಂದೆ ಯಾವ ಲೆಕ್ಕ ಕೊಡ್ಬೇಕು ಅನ್ನೋದು ಬಾಕಿ ಇದೆ.”

ಅವಳು ಬ್ಯಾಗಿನಿಂದ ಎರಡು ಹಾಳೆ ತೆಗೆದಳು. ಎ ಹಾಳೆಯಲ್ಲಿ ನನ್ನ ಪದ್ಧತಿ: ಮೇಲೆ ‘ಸರಾಸರಿ’ ಎಂದು ತಲೆಬರಹ, ಕೆಳಗೆ ಎಲ್ಲವೂ ಸರಾಸರಿಯ ಲೆಕ್ಕಗಳೇ. ಮುಂದಿನ ವಾರ ಸಾಲಿನ ನಡುವಿನ ಅಂಕಿ ಹುಡುಕುವ ಮೀಡಿಯನ್, ಅದರ ಮುಂದಿನ ವಾರ ಹೆಚ್ಚು ಸಲ ಬಂದ ಅಂಕಿಯ ಮೋಡ್. ಬಿ ಹಾಳೆಯಲ್ಲಿ ತಲೆಬರಹವೇ ಇಲ್ಲ. ಮೂರೂ ಕಲಸಿಹೋಗಿದ್ದವು. ಸರೋಜಿನಿ ನಗರದ ಅಂಗಡಿಯವನೊಬ್ಬ ಈ ವಾರ ಇಂತಿಂಥ ಅಳತೆಯ ಅಂಗಿ ಮಾರಿದ್ದಾನೆ, ಮುಂದಿನ ವಾರಕ್ಕೆ ಯಾವ ಅಳತೆ ಹೆಚ್ಚು ತರಿಸಬೇಕು ಎಂಬುದು ಒಂದು ಪ್ರಶ್ನೆ. ಯಾವ ದಾರಿ ಹಿಡಿಯಬೇಕೆಂದು ಮಗುವೇ ಯೋಚಿಸಬೇಕು.

“ಇದು ಲೆಕ್ಕವಲ್ಲ, ಚಿತ್ರಾನ್ನ” ಎಂದೆ.

“ಮಕ್ಕಳೂ ಮೊದಮೊದಲು ಹಾಗೇ ಬೈತಾರೆ. ಕೊನೇ ಹಾಳೆ ಮುಗಿದು ಒಂದು ತಿಂಗಳಾದ್ಮೇಲೆ ಪರೀಕ್ಷೆ ಮಾಡಿದ್ರೆ ಯಾರಿಗೆ ನೆನಪಿರುತ್ತೆ ಅನ್ನೋದೇ ನನ್ನ ಪ್ರಶ್ನೆ.”

ಇನ್ನೆರಡು ಕಡೆ ಈ ಕೆಲಸ ಮುಗಿಸಿದ್ದಳಂತೆ. ಮೂರನೆಯ ಕಡೆಯವರು ಒಪ್ಪಿ ಆಮೇಲೆ ಕೈ ಎತ್ತಿದ್ದರು. ಅವಳ ಗೈಡ್ ಹೃಷಿಕೇಶ್ ಎಂಬ ಪ್ರೊಫೆಸರು, ಮಾರ್ಚ್ ಒಳಗೆ ಮೂರನೆಯ ತಂಡ ತೋರಿಸದಿದ್ದರೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ, ಹೆಚ್ಚಿನ ಅವಧಿಯೂ ಮತ್ತೆ ಸಿಗುವುದಿಲ್ಲ ಎಂದಿದ್ದರು. ಐದು ವರ್ಷದ ಕೆಲಸ ನನ್ನ ಬೇಸ್‌ಮೆಂಟಿನ ಮೇಲೆ ನಿಂತಿತ್ತು.

ನಾನು ಒಪ್ಪಿದೆ. ಕರುಣೆಯಿಂದಲ್ಲ. ನನ್ನ ಪದ್ಧತಿ ಗೆಲ್ಲುವುದನ್ನು ಓದಿದವರ ಪುಸ್ತಕದಲ್ಲಿ ಬರೆಸಬೇಕಿತ್ತು.

ಪೋಷಕರನ್ನು ಕೂರಿಸಿ ಹರಿಣಿ ಎಲ್ಲ ವಿವರಿಸಿದಳು. ಚೀಟಿ ಎತ್ತಿ ಗುಂಪು ಮಾಡುತ್ತೇವೆ, ಎ ಗುಂಪಿನವರು ಬಿ ಹಾಳೆ ಮಾಡಬಾರದು, ಬಿಯವರು ಎ ಮಾಡಬಾರದು, ಬೆರೆತರೆ ಎಲ್ಲ ಹಾಳು, ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಎಲ್ಲ ಹಾಳೆ ಕೊಡುತ್ತೇವೆ. ಎಲ್ಲರೂ ತಲೆಯಾಡಿಸಿ ಸಹಿ ಹಾಕಿದರು. ನಮ್ಮ ಜನ ತಲೆಯಾಡಿಸಿದರೆ ಕಿವಿಗೆ ಬಿತ್ತು ಎಂದಷ್ಟೇ ಅರ್ಥ.

ಎರಡನೆಯ ವಾರವೇ ಸರಸು ಬಂದಳು. ಹಾಸನದ ಕಡೆಯವಳು, ಗಂಡ ಸುಬೇದಾರ, ಗಡಿಯಲ್ಲಿದ್ದಾನೆ. ಮಗಳು ನಿಶಿತಾ ಬಿ ಗುಂಪು.

“ಅಣ್ಣಾ, ಎ ಮಕ್ಕಳೆಲ್ಲ ಫುಲ್ ಮಾರ್ಕ್ಸ್. ನನ್ನ ಮಗಳು ಅರ್ಧಕ್ಕರ್ಧ ತಪ್ಪು. ಅಪ್ಪ ಊರಲ್ಲಿಲ್ಲ ಅಂತ ಅವಳನ್ನ ದಡ್ಡರ ಗುಂಪಿಗೆ ಹಾಕಿದ್ರಾ?”

“ಚೀಟಿ ಎತ್ತಿದ್ದು ಅವಳೇ.”

“ಚೀಟಿ ಬರೆದಿದ್ದು ಯಾರು?”

ಅವಳು ಹೋದ ಮೇಲೆ ಇಂದುಶೇಖರ್ ಬಂದರು. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು. ಮಗಳು ಅದಿತಿ ಎ ಗುಂಪು, ಎಲ್ಲ ಹಾಳೆಯಲ್ಲೂ ಪೂರ್ತಿ ಅಂಕ.

“ಸರ್, ಬಿಯವರಿಗೆ ಕಷ್ಟದ ಲೆಕ್ಕ ಕೊಡ್ತಿದೀರಂತೆ. ನಮ್ಮವಳಿಗೆ ಮಾತ್ರ ಈಸಿ ಯಾಕೆ? ಇದೇನು ಸರ್, ಪಾರ್ಶಿಯಾಲಿಟಿ?”

ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಒಳಗೊಳಗೇ ನನಗೆ ಖುಷಿಯಾಗಿತ್ತು. ಬಿ ಮಕ್ಕಳು ಅಂಗಿಯ ಅಳತೆಗಳನ್ನೆಲ್ಲ ಕೂಡಿಸಿ ಭಾಗಿಸಿ, ಯಾವ ಅಂಗಡಿಯಲ್ಲೂ ಇಲ್ಲದ ಅಳತೆ ಬರೆದಿದ್ದರು. “ಸೋಲ್ತಿದೀಯ ಕಣಮ್ಮ” ಎಂದು ಹರಿಣಿಗೆ ಹೇಳಿದೆ. “ಈಗ ಸೋಲಲೇಬೇಕು ಅಂಕಲ್” ಎಂದು ಅವಳು ಅಂಕ ಬರೆದುಕೊಂಡಳು. ಸೋಲುತ್ತಿರುವವರು ಇಷ್ಟು ನಿಧಾನವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ಕೊನೆಯ ವಾರ ಬಿ ಹಾಳೆ ಒಂದು ಕಡಿಮೆ ಬಿತ್ತು. ಜೆರಾಕ್ಸ್ ಮಾಡಿಸಲು ಮೆಟ್ರೋ ಪಕ್ಕದ ಅಂಗಡಿಗೆ ಹೋದೆ. ಅಂಗಡಿಯವನು ಹಾಳೆ ನೋಡಿ ನಕ್ಕ.

“ಸರ್‌ಜೀ, ಯೇ ತೋ ಮಾತಾಜೀ ಹರ್ ಹಫ್ತೇ ಕರ್‌ವಾತೀ ಹೈ.”

“ಪ್ರತಿ ವಾರವಾ? ಕೌನ್ ಮಾತಾಜೀ, ಭಯ್ಯಾ?”

ಅವನು ಕೈಯಿಂದ ದೊಡ್ಡ ಕುಂಕುಮ, ಕನ್ನಡಕ ತೋರಿಸಿದ. ಗಿರಿಜಮ್ಮ. ಇಂದುಶೇಖರ್ ಅವರ ತಾಯಿ. ಮೈಸೂರಿನಿಂದ ಯಾರೇ ಬರಲಿ, ತಂದ ಕಾಫಿಪುಡಿ, ಹಪ್ಪಳ, ಸಾರಿನ ಪುಡಿ ಎಲ್ಲ ಗಿರಿಜಮ್ಮನ ಕೈಯಿಂದಲೇ ಮನೆಮನೆಗೆ ಹೋಗಬೇಕು. ಯಾರಿಗೂ ಒಂದು ಚಮಚ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಸಾಲಿಗೆ ಗಣಿತವೂ ಸೇರಿತ್ತು. ಹೋಗಿ ಕೇಳಿದರೆ ಮುಚ್ಚಿಡದೆ ಹೇಳಿದರು: ಪ್ರತಿ ಭಾನುವಾರ ಪಾಠ ಮುಗಿದ ಮೇಲೆ ಎ ಹಾಳೆಯ ಪ್ರತಿ ಬಿ ಮನೆಗಳಿಗೆ, ಬಿ ಹಾಳೆಯ ಪ್ರತಿ ಎ ಮನೆಗಳಿಗೆ, ಚಕ್ಕುಲಿಯ ಜೊತೆ.

ಹರಿಣಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಎಲ್ಲಾ ಮನೆಗೂನಾ?” ಎಂದಳು.

“ಗಿರಿಜಮ್ಮ ಮನೆ ಬಿಡೋರಲ್ಲ.”

“ಎರಡೂ ಹಾಳೆ ಎಲ್ಲಾ ಮಕ್ಕಳೂ ಮಾಡಿದ್ರೆ ಗುಂಪೇ ಇಲ್ಲ ಅಂಕಲ್. ನನ್ನ ಹತ್ರ ಏನೂ ಇಲ್ಲ.”

ಮರುದಿನ ಸಂಜೆ ಪೋಷಕರನ್ನೆಲ್ಲ ಹಾಲಿಗೆ ಕರೆಸಿದೆ. ಹರಿಣಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಾನು ಫೌಜಿನಲ್ಲಿ ಕಲಿತ ಮಾತುಗಳಲ್ಲಿ ಹೆಂಗಸರ ಮುಂದೆ ಆಡಬಹುದಾದಷ್ಟನ್ನೂ ಆಡಿದೆ.

“ಕೂಗ್ಬೇಡ ಅಚ್ಚಪ್ಪ, ಬಿಪಿ ಏರುತ್ತೆ” ಎಂದರು ಗಿರಿಜಮ್ಮ. “ಅರ್ಧ ಮಕ್ಕಳಿಗೊಂದು ಪಲ್ಯ, ಅರ್ಧ ಮಕ್ಕಳಿಗೊಂದು ಪಲ್ಯ ಬಡಿಸ್ತೀಯಾ ನೀನು? ಪಂಕ್ತಿಭೇದ ಮಾಡೋದು ಯಾವ ಸೀಮೆ ವಿದ್ಯೆ?”

ಹರಿಣಿ ಎದ್ದಳು. “ಅಜ್ಜಿ, ಕೊಟ್ಟಿದ್ದು ಸರಿ. ಮಕ್ಕಳು ಅದನ್ನ ಮಾಡಿದ್ರಾ?”

“ಮಾಡ್ದೇ ಇರ್ತಾರಾ?” ಎಂದರು ಎಲ್ಲರೂ ಒಟ್ಟಿಗೆ.

“ನಮ್ಮವಳು ಎರಡೂ ಕಂಪ್ಲೀಟ್” ಎಂದರು ಇಂದುಶೇಖರ್. ಆಮೇಲೆ ಒಬ್ಬೊಬ್ಬರದೂ ಕಂಪ್ಲೀಟ್ ಆಗುತ್ತ ಹೋಯಿತು. ಒಂದು ಮಗು ಎರಡೆರಡು ಸಲ ಮಾಡಿತ್ತು.

“ಹಾಗಾದ್ರೆ ನನ್ನ ಕೆಲಸ ಮುಗೀತು” ಎಂದಳು ಹರಿಣಿ. “ನಾನು ಊರಿಗೆ ಹೋಗ್ತೀನಿ. ಜೆರಾಕ್ಸ್ ಹಾಳೆ ಮುಟ್ಟದೇ ಇರೋ ಮಕ್ಕಳು ಸಾಕಷ್ಟು ಇದ್ದಿದ್ರೆ ಮಾತ್ರ ಪರೀಕ್ಷೆ ಮಾಡ್ಬಹುದಿತ್ತು. ಯಾರಾದ್ರೂ ಇದ್ದಾರಾ?”

ಯಾರೂ ಬಾಯಿ ಬಿಡಲಿಲ್ಲ. ಹುಡುಗಿಯ ಐದು ವರ್ಷ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ನನ್ನ ಮಗು ಮಾಡಲಿಲ್ಲ ಎಂದು ಪಕ್ಕದ ಫ್ಲ್ಯಾಟಿನವರ ಮುಂದೆ ಹೇಳುವ ಅಪ್ಪ ಅಮ್ಮ ದ್ವಾರಕಾದಲ್ಲಿ ಇನ್ನೂ ಹುಟ್ಟಿಲ್ಲ. ಹರಿಣಿ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

“ಅದಿತಿ ಮುಟ್ಟಿಲ್ಲ” ಎಂದರು ಗಿರಿಜಮ್ಮ.

“ಅಮ್ಮಾ!” ಎಂದರು ಇಂದುಶೇಖರ್.

“ಏನು ಅಮ್ಮಾ? ಮೀಟಿಂಗ್ ನಡೀವಾಗ ಕ್ಯಾಮೆರಾ ಆಫ್ ಮಾಡ್ಕೊಂಡು ನೀನೇ ಮಾಡ್ದೆಯಲ್ಲೋ. ಅವಳು ಮೊಬೈಲ್ ನೋಡ್ತಾ ಕೂತಿದ್ಲು.”

ಗಿರಿಜಮ್ಮ ಚೀಲದಿಂದ ಹಾಳೆಗಳನ್ನು ತೆಗೆದು ಹರಿಣಿಯ ಕೈಗಿತ್ತರು. ನೀಲಿ ಶಾಯಿ, ದೊಡ್ಡವರ ಅಕ್ಷರ. ಅಂಗಿಯ ಪ್ರಶ್ನೆಗೆ ಇಂದುಶೇಖರ್ ಸರಾಸರಿ ತೆಗೆದು ಮೂವತ್ತೊಂಬತ್ತೂಕಾಲು ಅಳತೆಯ ಅಂಗಿ ತರಿಸಿದ್ದರು. ಅದನ್ನು ನಾನು ಗಟ್ಟಿಯಾಗಿ ಓದಿದೆ. ಓದಬೇಕಾಗಿರಲಿಲ್ಲ. ಹಾಲು ನಕ್ಕಿತು.

ಆಮೇಲೆ ಸುಲಭವಾಯಿತು. ಜನ ಮೇಲೆ ಹೋಗಿ ತಮ್ಮ ಹಾಳೆಗಳನ್ನು ತಂದರು. ಒಬ್ಬರದು ಡಬ್ಬಿಗಳ ಕೆಳಗೆ ಹಾಸಿದ್ದು, ಅರಿಶಿನ ಹಿಡಿದಿತ್ತು. ಒಬ್ಬರದು ಸ್ಟೇಪಲ್ ಪಿನ್ನೂ ಬಿಚ್ಚಿರಲಿಲ್ಲ. ಅಪ್ಪಂದಿರ ಅಕ್ಷರ ಹಲವು, ಒಂದು ಕಡೆ ಡ್ರೈವರನ ಅಕ್ಷರ. ಹರಿಣಿ ಒಂದೊಂದನ್ನೂ ನೋಡಿ ಮಗುವಿನ ಹೆಸರಿನ ಮುಂದೆ ಗುರುತು ಹಾಕಿದಳು. ಮಗು ಮುಟ್ಟದ ಹಾಳೆ ಸಿಕ್ಕಿದಾಗಲೆಲ್ಲ ಅವಳ ಮುಖ ಬೆಳಗುತ್ತಿತ್ತು. ನಾನು ಪಾಠ ಹೇಳಲು ಶುರುಮಾಡಿದ ಮೇಲೆ ಖಾಲಿ ಹಾಳೆ ನೋಡಿ ಯಾರೂ ಹಾಗೆ ಖುಷಿಪಟ್ಟದ್ದನ್ನು ಕಂಡಿಲ್ಲ.

ಕೊನೆಗೆ ಸರಸು ಬಂದಳು. ಅವಳ ಹಾಳೆಗಳಲ್ಲಿ ಪೆನ್ಸಿಲ್ ಅಕ್ಷರ, ಒರೆಸಿದ ಗುರುತು, ಮತ್ತೆ ಬರೆದದ್ದು. ಒಂದೂ ಬಿಟ್ಟಿರಲಿಲ್ಲ. ನಿಶಿತಾಳ ಕೈಬರಹವೇ.

“ನಾನು ಸುಳ್ಳು ಹೇಳ್ಲಿಲ್ಲ ನೋಡಿ” ಎಂದಳು ಸರಸು.

ಹರಿಣಿ ಹಾಳೆಗಳನ್ನು ಎರಡು ಸಲ ತಿರುವಿದಳು. “ಇಲ್ಲ ಆಂಟಿ, ಹೇಳಿಲ್ಲ. ಆದ್ರೆ ನಿಶಿತಾಳನ್ನ ಬಿಡ್ಬೇಕಾಗುತ್ತೆ.”

“ಬಿಡೋದು ಅಂದ್ರೆ?”

“ಅವಳ ಮಾರ್ಕ್ಸ್ ನನ್ನ ಸ್ಟಡೀಲಿ ಸೇರಲ್ಲ.”

“ಮಾಡ್ದೇ ಇರೋರೆಲ್ಲ ಒಳಗೆ, ಮಾಡಿದೋಳು ಹೊರಗಾ?”

“ಹೌದು ಆಂಟಿ.”

ಸರಸು ನನ್ನ ಕಡೆ ತಿರುಗಿದಳು. ನಾನು ನಿಶಿತಾಳ ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟೆ. ನಿಶಿತಾಳ ಜೊತೆ ಇನ್ನಿಬ್ಬರು ಮಕ್ಕಳು ಹೊರಬಿದ್ದರು. ಉಳಿದವರು ಹರಿಣಿಗೆ ಸಾಕಾದರು.

ತಿಂಗಳ ನಂತರ ಪರೀಕ್ಷೆ ಮಾಡಿದೆವು. ನಿಶಿತಾ ತಾನೂ ಬರೆಯುತ್ತೇನೆಂದು ಕೂತಳು. ಯಾರ ಹಾಳೆ ಯಾವ ಗುಂಪಿನದೆಂದು ಗೊತ್ತಾಗದಂತೆ ಹೆಸರು ಮುಚ್ಚಿ ನಾನೇ ತಿದ್ದಿದೆ. ಗುಂಪು ಬಿಡಿಸಿ ನೋಡಿದರೆ ಬಿಯವರು ಬಹಳ ಮೇಲಿದ್ದರು. ತಪ್ಪಾಗಿರಬೇಕೆಂದು ಇನ್ನೊಮ್ಮೆ ತಿದ್ದಿದೆ. ಆಗಲೂ ಮೇಲೆಯೇ ಇದ್ದರು. ಎ ಮಕ್ಕಳಿಗೆ ಸರಾಸರಿ ತೆಗೆಯಲು ಚೆನ್ನಾಗಿ ಬರುತ್ತಿತ್ತು. ಯಾವಾಗ ತೆಗೆಯಬೇಕು ಎಂಬುದು ಗೊತ್ತಿರಲಿಲ್ಲ. ಅದನ್ನು ನಮ್ಮ ತಲೆಬರಹ ಹೇಳಿಕೊಡುತ್ತಿತ್ತು.

ಮುಂದಿನ ಶನಿವಾರ ಎಲ್ಲರಿಗೂ ಕಲಸಿದ ಲೆಕ್ಕಗಳನ್ನೇ ಕೊಟ್ಟೆ. “ಯಾಕೆ ಸರ್?” ಎಂದರು ಮಕ್ಕಳು. “ನಿಮಗ್ಯಾಕೆ ಅದು?” ಎಂದೆ.

ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನಿಶಿತಾಳಿಗೇ ಬಂದಿತ್ತು. ಹರಿಣಿ ಪ್ರಬಂಧಕ್ಕೆ ಸಹಿ ಬಿದ್ದಿದೆಯೆಂದು ಹೇಳಲು ಬಂದ ದಿನ ಸರಸು ಅವಳನ್ನು ಲಿಫ್ಟಿನ ಹತ್ತಿರ ಹಿಡಿದಳು. “ಓದಿದ್ದಕ್ಕೇ ಬಿಟ್ವಿ ಅಂತ ಬರೆದು ಕೊಡು. ನಾಳೆ ಜನ ಏನಂದ್ಕೋತಾರೆ?” ಹರಿಣಿ ಅಲ್ಲೇ ನಿಂತು ಬರೆದಳು: ಎರಡೂ ಬಗೆಯ ಅಭ್ಯಾಸವನ್ನು ತಾನೇ ಪೂರ್ತಿಯಾಗಿ ಮಾಡಿದ ಕಾರಣಕ್ಕೆ ನಿಶಿತಾಳನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ. ಕೆಳಗೆ ಸಹಿ, ವಿಭಾಗದ ಹೆಸರು.

ಸರಸು ಅದನ್ನು ಲ್ಯಾಮಿನೇಟ್ ಮಾಡಿಸಿ ಗಂಡನ ರೆಜಿಮೆಂಟಿನ ಫೋಟೋ ಪಕ್ಕ ತೂಗುಹಾಕಿದಳು. ಸತ್ಯನಾರಾಯಣ ಪೂಜೆ ಇಟ್ಟು ಸೊಸೈಟಿಯ ಕನ್ನಡದವರನ್ನೆಲ್ಲ ಕರೆದಳು. ಎಲ್ಲರೂ ಓದಿದರು.

ಆ ವಾರ ಪಾಠ ಮುಗಿದ ಮೇಲೆ ಇಂದುಶೇಖರ್ ಹಿಂದೆ ಉಳಿದರು.

“ಸರ್, ಅದಿತೀನೂ ಸ್ಟಡಿಯಿಂದ ಬಿಡಿಸೋಕೆ ಈಗ ಆಗುತ್ತಾ?”

“ಅವಳನ್ನ ಬಿಡೋಕಾಗಲ್ಲ, ಹಾಳೆ ಮಾಡಿದ್ದು ನೀವು” ಎಂದೆ. “ಬೇಕಾದ್ರೆ ನಿಮ್ಮ ಹೆಸರಿಗೆ ಬರೆಸಿ ಕೊಡ್ತೀನಿ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು.