ಒಂದು ಚಮಚ ಅಗಸೆ ಎಣ್ಣೆ

ಮಾವನಿಗೆ ಎದೆನೋವು ಬಂದುಹೋದ ಮೇಲೆ ಮನೆಯ ಅಡುಗೆಯೇ ಬದಲಾಯಿತು. ಊಟದ ಪಥ್ಯ ಹೇಳುವ ಡಾಕ್ಟರಮ್ಮ ಸೊಸೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: "ನಿಮ್ಮನೇಲಿ ಎಲ್ಲಕ್ಕೂ ಸೂರ್ಯಕಾಂತಿ ಎಣ್ಣೇನೇ. ಒಮೆಗಾ ಆರು ಅನ್ನೋ ಕೊಬ್ಬು ವಿಪರೀತ, ಒಮೆಗಾ ಮೂರು ಏನೇನೂ ಇಲ್ಲ. ತಕ್ಕಡಿ ಒಂದೇ ಕಡೆ ವಾಲಿದೆ. ಕರಿದದ್ದು ಬಿಡಿ. ಮೀನು, ಆಕ್ರೋಟು ತಿನ್ಲಿ. ಬೆಂದ ತರಕಾರಿ ಆರಿದ ಮೇಲೆ ಒಂದು ಚಮಚ ಅಗಸೆ ಎಣ್ಣೆ ಹಾಕಿ. ಅದನ್ನ ಒಲೆ ಮೇಲೆ ಮಾತ್ರ ಇಡಬೇಡಿ."

ಸೊಸೆ ಅಷ್ಟನ್ನೂ ಅತ್ತೆಗೆ ಒಪ್ಪಿಸಿದಳು, ಎಂದಿನಂತೆ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ ಹಾಗೆ. ಅತ್ತೆಯ ಕಿವಿಗೆ ಬಿದ್ದದ್ದು ಅರ್ಧ.

ಮಾವ ಬಡಗಿ; ಹಿತ್ತಲ ಶೆಡ್ಡೇ ಅವರ ಕೆಲಸದ ಜಾಗ. ಹಿಂದೊಮ್ಮೆ ಬಂದ ಜ್ವರ ಅವರ ಮೂಗನ್ನೂ ನಾಲಿಗೆಯನ್ನೂ ಕೆಡಿಸಿಹೋಗಿತ್ತು. ಏನು ಬಡಿಸಿದರೂ "ಮರದ ಹೊಟ್ಟು" ಎನ್ನುತ್ತಲೇ ತಿನ್ನುತ್ತಿದ್ದರು.

ಆ ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದಾಗ ಸೊಸೆ ಒಣಗಿದ ಬಟ್ಟೆ ಹೊತ್ತು ಒಳಗೆ ಬಂದಳು. ಹೊಸ ಮರದ ಬೀರುವಿನ ವಾಸನೆ ಮೂಗಿಗೆ ಬಡಿಯಿತು. ಮನೆಗೆ ಹೊಸ ಬೀರು ಬಂದಿರಲಿಲ್ಲ. ತಟ್ಟೆಯಲ್ಲಿ ಎಲೆಕೋಸು ಮಿರಮಿರ ಮಿಂಚುತ್ತಿತ್ತು.

"ಅತ್ತೆ, ಈ ಎಣ್ಣೆ ಎಲ್ಲಿಂದ ತಂದ್ರಿ?"

"ಶೆಡ್ಡಲ್ಲಿ ಡಬ್ಬಿಗಟ್ಟಲೆ ಬಿದ್ದಿದೆ ಅಗಸೆ ಎಣ್ಣೆ. ಮನೇಲೇ ಇಟ್ಕೊಂಡು ಅಂಗಡಿ ಅಂಗಡಿ ಅಲೀಬೇಕಾ?"

ಮರಕ್ಕೆ ಹಚ್ಚುವ ಎಣ್ಣೆ. ಬೀಜ ಒಂದೇ, ಹೆಸರೂ ಒಂದೇ. ಆದರೆ ಬೇಗ ಒಣಗಲೆಂದು ಅದಕ್ಕೆ ವಿಷದಂಥ ಮದ್ದು ಬೆರೆಸಿರುತ್ತಾರೆ. "ಮಾವಾ, ತಿನ್ನಬೇಡಿ" ಎಂದಳು. ಆ ಮೆಲುದನಿ ಅವರಿಗೆ ಕೇಳಿಸಲಿಲ್ಲ. ಇನ್ನೊಂದು ತುತ್ತು ಬಾಯಿಗೆ ಹೋಯಿತು.

ಬಟ್ಟೆ ಅಲ್ಲೇ ಬಿತ್ತು. ಮಾವನ ಎದುರು ಕೂತೂ ಅರಿಯದವಳು ಅವರ ದವಡೆಗೇ ಕೈಹಾಕಿದಳು. "ಉಗೀರಿ. ಉಗೀರಿ ಅಂದ್ರೆ."

ಮಾವ ಕಣ್ಣು ಕೆಂಪಗೆ ಮಾಡಿದರು, ಆದರೂ ಉಗಿದರು.

"ಹುಚ್ಚು ಹಿಡೀತೇನೇ ನಿಂಗೆ?" ಎಂದರು ಅತ್ತೆ.

"ಅದು ಪಾಲಿಶ್ ಎಣ್ಣೆ, ಅತ್ತೆ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಅಗಸೆ ಎಣ್ಣೆ ಅಂತ ನೀನೇ ಅಂದ್ಯಲ್ಲ."

"ಅಂದೆ. ಯಾವುದು ಅಂತ ಬಾಯಿಬಿಟ್ಟು ಹೇಳಲಿಲ್ಲ." ಮಾವನ ಕಡೆ ತಿರುಗಿದಳು. "ನುಂಗಿದ್ರಾ?"

"ಮೊದಲನೇ ತುತ್ತು ಒಳಗೆ ಹೋಯ್ತಲ್ಲಮ್ಮ. ಕರುಳಿಗೆ ಹೊಳಪು ಬರುತ್ತೆ ಬಿಡು."

ಅತ್ತೆ ವಾಂತಿ ಮಾಡಿಸಲು ಉಪ್ಪುನೀರು ಕಲಸತೊಡಗಿದರು. "ಮೊದಲು ಡಾಕ್ಟರನ್ನ ಕೇಳೋಣ" ಎಂದು ಸೊಸೆ ಲೋಟ ಕಿತ್ತುಕೊಂಡು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಫೋನು ಮಾಡಿದಳು.

"ಸ್ವಲ್ಪ ಜೋರಾಗಿ ಹೇಳಮ್ಮ, ಏನೂ ಕೇಳಿಸ್ತಿಲ್ಲ" ಎಂದಿತು ಆ ಕಡೆಯ ದನಿ.

ಜೋರಾಗಿ ಹೇಳಿದಳು. ಪಕ್ಕದ ಮನೆಯ ಕಿಟಕಿ ತೆರೆಯಿತು.

"ವಾಂತಿ ಮಾಡಿಸಬೇಡಿ. ಡಬ್ಬಿ ಸಮೇತ ಈಗಲೇ ಕರ್ಕೊಂಡು ಬನ್ನಿ."

ಆಸ್ಪತ್ರೆಯಲ್ಲಿ ಸಂಜೆಯವರೆಗೂ ಮಲಗಿಸಿಕೊಂಡು ನೋಡಿ, ಅಪಾಯವಿಲ್ಲ ಎಂದರು. ಅಲ್ಲಿಯವರೆಗೆ ಸೊಸೆ ಮಾವ ಕೆಮ್ಮಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

"ಹಸಿವಾಗ್ತಿದೆ" ಎಂದರು ಮಾವ. ಅತ್ತೆ ಏಳಲಿಲ್ಲ; ಸೊಸೆಯ ಕಡೆ ನೋಡಿ ಅಂದರು:

"ನೀನು ಏನು ಕೊಡ್ಬೇಕು ಅಂತೀಯೋ, ಅದನ್ನ ಹೇಳು. ಕೇಳೋ ಹಾಗೆ ಹೇಳು."