ಬಂಗಾರದ ಕಾಲಂ

ನಾಲ್ಕು ದಿನದಿಂದ ಆಂಧ್ರದ ಗಡಿಯ ಕೋಸಗಿಯ ಮಂಡಲ ಕಚೇರಿಯಲ್ಲಿ ಕೂತು ಸರ್ಪಂಚ್ ಅಭ್ಯರ್ಥಿಗಳ ಆಸ್ತಿ ವಿವರ ಓದಿ ಓದಿ ಹೇಮಾವತಿಗೆ ಅತ್ತ ಎಚ್ಚರವೂ ಅಲ್ಲ, ಇತ್ತ ನಿದ್ದೆಯೂ ಅಲ್ಲ ಎನ್ನುವಂತಾಗಿತ್ತು. ಕಣ್ಣು ಮುಚ್ಚಿದರೆ ಸಾಕು, ಯಾರದೋ ಎಮ್ಮೆ, ಯಾರದೋ ಟ್ರ್ಯಾಕ್ಟರು, ಯಾರದೋ ಅತ್ತೆಯ ಕಾಸಿನ ಸರ ಫ್ಯಾನಿನ ಗಾಳಿಗೆ ಮೆಲ್ಲಗೆ ತೇಲಿ ಬರುತ್ತಿದ್ದವು. ಯಾವ ಕಾಲಮ್ಮೂ ಖಾಲಿ ಇರದಂತೆ, ಗೊಂದಲ ಇರದಂತೆ ನೋಡುವುದು ಆಕೆಯ ಕೆಲಸ. ತಾನು ಪೆನ್ನು ಮುಟ್ಟುವಂತಿಲ್ಲ, ಇಂಥದ್ದೇ ಬರೆಯಿರಿ ಎಂದು ಹೇಳಿಕೊಡುವಂತೆಯೂ ಇಲ್ಲ.

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಎರಡೂವರೆಗೆ, ಹತ್ತಿ ಬಿಡಿಸುವ ಕೂಲಿಯ ಗಾದಿಲಿಂಗಮ್ಮನ ಕಾಗದ ಕೈಗೆ ಬಂತು. ಬಂಗಾರದ ಕಾಲಮ್ಮಿನಲ್ಲಿ ತೆಲುಗಿನ ಒಂದೇ ಮಾತು: ‘ನಿಂಡುಕುಂದಿ’. ಅಂದರೆ, ತುಂಬೈತಿ.

ಹೇಮಾವತಿಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಮನೆಯಲ್ಲಿ ಅಕ್ಕಿ ಮುಗಿದರೆ ಈ ಕಡೆಯ ಹೆಂಗಸರು ಅಪಶಕುನವೆಂದು ‘ಇಲ್ಲ’ ಎನ್ನುವುದಿಲ್ಲ, ‘ತುಂಬೈತಿ’ ಎನ್ನುತ್ತಾರೆ. ಆಕೆಯ ಅವ್ವನೂ ಬರಿ ಡಬ್ಬಿ ಹಿಡಿದು ಹಾಗೇ ಅನ್ನುತ್ತಿದ್ದಳು. ಆದರೆ ಸರ್ಕಾರಕ್ಕೆ ಅವ್ವ ಇಲ್ಲವಲ್ಲ! ಹೀಗೇ ಬಿಟ್ಟರೆ ಎದುರಾಳಿ ‘ಬಂಗಾರ ಮುಚ್ಚಿಟ್ಟಾಳ’ ಅಂತ ತಕರಾರು ತೆಗೆಯುತ್ತಾನೆ, ನಾಮಪತ್ರ ಬಿದ್ದುಹೋಗುತ್ತದೆ.

“ಗಾದಿಲಿಂಗಮ್ಮಾ, ಇದು ನಡಿಯಂಗಿಲ್ಲ. ಮೂರು ಗಂಟೆ ಒಳಗ ತಿದ್ದಿ ಕೊಡಬೇಕು. ಬಂಗಾರ ಐತೋ ಇಲ್ಲೋ?”

“ಮನ್ಯಾಗ ಮಗಳು ಬಸುರಿ ಅದಾಳ್ರಿ ಮೇಡಂ. ಬಂಗಾರದ ಮುಂದ ಆ ಮಾತು ನನ್ನ ಕೈಲೆ ಬರಿಸಬ್ಯಾಡ್ರಿ. ಬೇಕಂದ್ರ ನಾಮಿನೇಷನ್ನೇ ವಾಪಸ್ ಕೊಡ್ರಿ.”

ಎರಡು ಐವತ್ತು. ಹೇಮಾವತಿಯ ಬೆರಳು ಪೆನ್ನಿನ ತನಕ ಹೋಗಿ ಹಿಂದೆ ಬಂತು. ‘ಇಲ್ಲ’ ಎಂಬ ಎರಡೇ ಅಕ್ಷರ, ಯಾರು ನೋಡುತ್ತಾರೆ? ಫ್ಯಾನಿನ ಗುಂಯ್ ಸದ್ದಿನೊಳಗೆ ಅವ್ವ ಡಬ್ಬಿ ಹಿಡಿದು ಕಿರಾಣಿ ಅಂಗಡಿಯ ಮುಂದೆ ನಿಂತಂತಾಯಿತು. ಅಂಗಡಿಯವನು ಎಂದೂ ಐತೋ ಇಲ್ಲೋ ಎಂದು ಕೇಳಿದವನಲ್ಲ, ಎಷ್ಟು ಎಂದೇ ಕೇಳುತ್ತಿದ್ದ. ತಾನು ಕೇಳಿದ ರೀತಿಯೇ ತಪ್ಪು ಎಂದು ಹೇಮಾವತಿಗೆ ಹೊಳೆಯಿತು.

“ಬಂಗಾರ ಎಷ್ಟು ಗ್ರಾಂ, ಗಾದಿಲಿಂಗಮ್ಮಾ?”

“ಹಂಗ ಕೇಳ್ರಿ ಮತ್ತ. ಸೊನ್ನಿ!”

ಹಳೆಯ ಮಾತನ್ನು ಹೊಡೆದು, ಪಕ್ಕದಲ್ಲಿ ರುಜು ಹಾಕಿ, ಗಾದಿಲಿಂಗಮ್ಮ ಕಾಲಮ್ಮಿನ ತುಂಬ ಬಳೆಯಂಥ ದುಂಡನೆಯ ಸೊನ್ನೆ ಬರೆದಳು. ಹೇಮಾವತಿ ತನ್ನ ಕೈಯ ಬಂಗಾರದ ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಚಿಕೆಯಾಗಿತ್ತು.

ರಸೀದಿ ಕೊಡುವ ಮುಂಚೆ ಕೇಳಲೇಬೇಕಾದ ಕಡೆಯ ಪ್ರಶ್ನೆ ಉಳಿದಿತ್ತು. “ಏನರೆ ಖಾಲಿ ಉಳಿದೈತೇನು?”

“ಎಲ್ಲಾ ತುಂಬೈತ್ರಿ,” ಎಂದಳು ಗಾದಿಲಿಂಗಮ್ಮ.

ಹೇಮಾವತಿ ಎತ್ತಿದ ಮೊಹರನ್ನು ಕೆಳಗಿಟ್ಟು, ಮೊದಲ ಪುಟದಿಂದ ಮತ್ತೆ ನೋಡತೊಡಗಿದಳು.