ಬಂದವರ ಖೋಲಿ

ಮುಂದೆ ಹಿಡಿದಿದ್ದವನ ಮುಖಕ್ಕೆ ಬಾಗಿಲಿನ ಪರದೆ ಸುತ್ತಿಕೊಂಡಿತು. ಗಜೇಂದ್ರಗಡದ ಕೈಮಗ್ಗದ ಪರದೆ, ಕೆಂಪು ಪಟ್ಟೆಯದು. ಕೌದಿಯ ಸಮೇತ ಎತ್ತಿದ್ದ ಸಾವಿತ್ರಿಬಾಯಿಯ ದೇಹ ಹೊಸ್ತಿಲಿನ ಮೇಲೆ ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತುಬಿಟ್ಟಿತು.

"ಪಡದೆ ಜಗ್ಗಿ ಒಗೀರೋ ಅತ್ಲಾಗ," ಎಂದ ಹಿಂದೆ ಹಿಡಿದವನು.

"ಜಗ್ಗಬ್ಯಾಡ್ರಿ, ಹರೀತದ. ಮ್ಯಾಲೆ ಕಬ್ಬಿಣದ ಸಳಿ ಅದ, ಸಾವಕಾಶ ಸರಸ್ರಿ," ಎಂದರು ದತ್ತಾತ್ರೇಯ ವಕೀಲರು. ಹೆಂಡತಿ ಹೋಗಿ ಅರ್ಧ ದಿನವಾಗಿತ್ತು. ಪರದೆ ಇನ್ನೂ ಇತ್ತು.

ಪರದೆಯೊಳಗೆ ಕೆಮ್ಮುತ್ತಿದ್ದವನು ಮಗ ಶ್ರೀಧರ. ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯಿಂದ ಬಂದು ಇಳಿದಿದ್ದ. ಯಾರೋ ಅವನ ತಲೆ ಬಿಡಿಸಿದರು. ತಾಯಿಯನ್ನು ಅಂಗಳಕ್ಕೆ ತಂದು ಹಲಗೆಯ ಮೇಲೆ ಮಲಗಿಸಿದರು.

ಸ್ನಾನವಾಯಿತು. ಹಸಿರು ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಹಚ್ಚಿದರು. ಬಂದ ಹೆಂಗಸರದೆಲ್ಲ ಒಂದೇ ಮಾತು: "ಪುಣ್ಯವಂತಿ, ಮುತ್ತೈದಿಯಾಗಿ ಹೋದಳು." ಆ ಮನೆಯಲ್ಲಿ ಮೂವತ್ತು ವರ್ಷ ಬಡಿಸಿದವಳಿಗೆ ಇಷ್ಟು ಬಾಯಿಗಳಿಂದ ಹೊಗಳಿಕೆ ಸಿಕ್ಕಿದ್ದು ಇದೇ ಮೊದಲು, ಅದೂ ಗಂಡನಿಗಿಂತ ಮುಂಚೆ ಸತ್ತದ್ದಕ್ಕೆ.

"ಇನ್ನ ಮನೀ ನಿನ್ನ ಕೊರಳಿಗೆ ಬಿತ್ತು ನೋಡವಾ, ಲೀಲಾ," ಎಂದಳು ಭಾಗೀರಥಿಬಾಯಿ, ವಕೀಲರ ಅಕ್ಕ. ಗಜೇಂದ್ರಗಡದಿಂದ ಬಂದಿದ್ದಳು. "ಹುಬ್ಬಳ್ಳಿ ಗಿಬ್ಬಳ್ಳಿ ಅಂತ ಟ್ರಂಕ್ ತುಂಬಿಟ್ಟೀಯಂತ. ಬಿಚ್ಚಿ ಇಡು. ನಮ್ಮ ದತ್ತೂಗ ಒಂದ ವಾಟಗಾ ನೀರು ತುಂಬಕೊಂಡು ಕುಡದು ಗೊತ್ತಿಲ್ಲ."

ಲೀಲಾ ಸಾವಿತ್ರಿಬಾಯಿಯ ಸೊಸೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಂಡ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ, ಆಕೆ ರೋಣದ ಈ ಮನೆಯ ಮೇಲಿನ ಖೋಲಿಯಲ್ಲಿ. ಮನೆಗೆ ಬಂದುಹೋಗುವವರು ಬಹಳ, ಅತ್ತೆ ಒಬ್ಬಳೇ ಹೇಗೆ ನೋಡಿಯಾಳು ಎಂಬುದು ಮಾವನವರ ವಾದ. ಹೋದ ತಿಂಗಳು ಶ್ರೀಧರನಿಗೆ ಎರಡು ಖೋಲಿಯ ಕ್ವಾರ್ಟರ್ಸು ಸಿಕ್ಕಿತ್ತು. ಬರುವ ಸೋಮವಾರ ಹೊರಡುವುದೆಂದು ಅತ್ತೆಯೇ ಗಟ್ಟಿಯಾಗಿ ಹೇಳಿ ಗೊತ್ತುಮಾಡಿದ್ದಳು.

ಮೆಣಸಗಿಯಿಂದ ಬಂದ ರಾಘವೇಂದ್ರಾಚಾರ್ಯರು ಕಟ್ಟೆಯ ಮೇಲೆ ಪಂಚಾಂಗ ಬಿಚ್ಚಿದರು. "ಪ್ರಾಣ ಯಾವಾಗ ಹೋತು?"

"ನಸಿಕಿನ್ಯಾಗ್ರಿ," ಎಂದರು ವಕೀಲರು.

"ಹಂಗಲ್ರಿ, ಬರೋಬ್ಬರಿ ಹೇಳಬೇಕು. ಬೆಳಗಿನ ತನಕ ಶ್ರವಣ ನಕ್ಷತ್ರ. ಅದರಾಗ ಆಗಿದ್ರ ಏನೂ ದೋಷ ಇಲ್ಲ. ಆಮ್ಯಾಲ ಧನಿಷ್ಠಾ ಹತ್ತೇದ. ಅದರಾಗ ಆಗಿತ್ತಂದ್ರ ಆರು ತಿಂಗಳು ಮನೀ ಬಿಡಬೇಕು. ಬಾಗಲಕ್ಕ ಮುಳ್ಳ ಹಚ್ಚಿ ಎಲ್ಲಾರೂ ಬ್ಯಾರೆ ಕಡೆ ಇರಬೇಕು." ಆಚಾರ್ಯರು ಘಳಿಗೆ, ವಿಘಳಿಗೆ ಎಂದು ಏನೇನೋ ಎಣಿಸಿದರು. ಘಳಿಗೆಯ ಲೆಕ್ಕ ರೋಣದಲ್ಲಿ ಬಸ್ಸಿನ ಲೆಕ್ಕಕ್ಕೆ ಇಳಿಯಬೇಕಾಗುತ್ತಿತ್ತು. "ಅಂದ್ರ ಗಜೇಂದ್ರಗಡದ ಮೊದಲನೇ ಬಸ್ ಬಿಡೂ ಹೊತ್ತಿಗೆ ನಕ್ಷತ್ರ ಬದಲಾತು ಅಂತ ತಿಳೀರಿ. ಹತ್ರ ಯಾರಿದ್ರು?"

ಇದ್ದವಳು ಲೀಲಾ ಒಬ್ಬಳೇ. ಎಲ್ಲರೂ ಆಕೆಯತ್ತ ತಿರುಗಿದರು. ಮನೆ ಮುಚ್ಚಿದರೆ ಮಾವನವರು ಅಕ್ಕನ ಮನೆಗೆ ಹೋಗುತ್ತಾರೆ, ತಾನು ಹುಬ್ಬಳ್ಳಿಗೆ. ಮುಚ್ಚದಿದ್ದರೆ ಈ ಅಂಗಳ, ಈ ಒಲೆ, ಈ ಬಂದವರು.

"ಬಸ್ ಹೋದ ಮ್ಯಾಲ್ರಿ," ಎಂದಳು.

ಅದು ಸುಳ್ಳು.

*

ಸಾವಿತ್ರಿಬಾಯಿ ಸತ್ತ ಖೋಲಿ ಒಂದು ಕಾಲಕ್ಕೆ ಆಕೆಯದೇ ಆಗಿತ್ತು. ಎರಡು ಮಂಚ ಹಿಡಿಯದಷ್ಟು ಸಣ್ಣದು. ಆದರೆ ಒಳಗಿನಿಂದ ಅಗಳಿ ಹಾಕಿಕೊಳ್ಳಲು ಬರುತ್ತಿತ್ತು. ಮಧ್ಯಾಹ್ನ ಮುಸುರೆ ತೆಗೆದ ಮೇಲೆ ಅರ್ಧ ತಾಸು ಆಕೆ ಅಲ್ಲಿ ಅಗಳಿ ಹಾಕಿಕೊಂಡು ಕೂಡುತ್ತಿದ್ದಳು. ಏನು ಮಾಡುತ್ತಿದ್ದಳೆಂದು ಯಾರೂ ಕೇಳಿರಲಿಲ್ಲ. ಬಹುಶಃ ಏನೂ ಮಾಡುತ್ತಿರಲಿಲ್ಲ.

ರಾಜ್ಯ ಒಂದಾದ ಮರುವರ್ಷ ಮೈಸೂರು ಕಡೆಯ ಅಧಿಕಾರಿಗಳು ತಾಲೂಕಿಗೆ ಬರತೊಡಗಿದರು. ಊರಲ್ಲಿ ಅವರಿಗೆ ಒಪ್ಪುವಂಥ ಜಾಗವಿರಲಿಲ್ಲ. ವಕೀಲರಿಗೆ ಸರಕಾರಿ ವಕೀಲರಾಗುವ ಆಸೆ ಇತ್ತು. ಅದೇ ಹೊತ್ತಿಗೆ ಶ್ರೀಧರ ತಂದ ಮುಂಬಯಿಯ ಸಚಿತ್ರ ವಾರಪತ್ರಿಕೆಯಲ್ಲಿ ಹೊಸ ಹಳ್ಳಿ ನಮೂನೆಯ ಕೋಣೆಯ ಚಿತ್ರವೊಂದು ಬಂದಿತ್ತು: ಸುಣ್ಣದ ಗೋಡೆ, ಗಿಡ್ಡ ಮಂಚ, ಮೇಲೆ ಕೌದಿ, ಗೋಡೆಗೆ ಮೊರ, ಮೂಲೆಯ ಮಣ್ಣಿನ ಗಡಿಗೆಯಲ್ಲಿ ಜೋಳದ ತೆನೆ. ರೋಣದಲ್ಲಿದ್ದುಕೊಂಡು ಹಳ್ಳಿಯಂತೆ ಕಾಣುವುದಕ್ಕೆ ಮುಂಬಯಿಯ ಚಿತ್ರ ಬೇಕಾಯಿತು.

"ಇವೆಲ್ಲಾ ನಮ್ಮಲ್ಲಿ ಅವ ಅಲ್ರಿ," ಎಂದಿದ್ದಳು ಸಾವಿತ್ರಿಬಾಯಿ. "ಬಂದವರ ಕಣ್ಣಿಗೆ ಬೀಳಬಾರದು ಅಂತ ಇಷ್ಟ ದಿವಸ ಒಳಗ ಮುಚ್ಚಿ ಇಡತಿದ್ವಿ."

"ಅದ ಫರಕು. ಇನ್ನ ಕಾಣೂಹಂಗ ಇಡಬೇಕು," ಎಂದಿದ್ದರು ವಕೀಲರು.

ಬಡಿಗೇರ ನೀಲಪ್ಪನನ್ನು ಕರೆಸಿದರು. ಮಂಚ ಥೇಟ್ ಹಳ್ಳಿ ಮಂಚದ ಹಾಗಿರಬೇಕು, ಆದರೆ ಕಿರ್ ಅನ್ನಬಾರದು ಎಂದರು. "ಹಂಗಾರ ಅದು ಹಳ್ಳಿ ಮಂಚ ಹ್ಯಾಂಗ ಆಕ್ಕೈತ್ರಿ?" ಎಂದ ನೀಲಪ್ಪ. ಆದರೂ ಮಾಡಿಕೊಟ್ಟ. ಸಾಹೇಬರು ಅಡುಗೆಮನೆಯ ಹೊಗೆ ದಾಟಿ ಬರುವಂತಾಗಬಾರದೆಂದು ಬೀದಿಯ ಕಡೆಗೆ ಬೇರೆ ಬಾಗಿಲನ್ನೇ ಒಡೆಸಿದರು. ಮನೆಯೊಳಕ್ಕೆ ಕಾಲಿಡದೆ ಮನೆಯಲ್ಲಿ ಇರುವ ಅನುಕೂಲ.

ಉಳಿದದ್ದನ್ನೆಲ್ಲ ಮಾಡಿದವಳು ಸಾವಿತ್ರಿಬಾಯಿ. ಸುಣ್ಣಕ್ಕೆ ಎಷ್ಟು ನೀಲಿ ಬೆರೆಸಿದರೆ ಗೋಡೆ ತಂಪಾಗಿ ಕಾಣುತ್ತದೆಂದು ಮೂರು ಸಲ ಬಳಿದು ನೋಡಿದಳು. ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದಳು. ತನ್ನ ಹಳೆಯ ಸೀರೆಗಳನ್ನು ಹರಿದು, ಅತ್ತ ತುದಿಗೆ ತಾನು, ಇತ್ತ ತುದಿಗೆ ಲೀಲಾ ಕೂತು ಕೌದಿ ಹೊಲಿದರು. ಗೋಡೆಗೆ ತೂಗುಹಾಕಿದ ಮೊರ ಮನೆಯಲ್ಲಿದ್ದ ಒಂದೇ ಒಳ್ಳೆಯ ಮೊರವಾದ್ದರಿಂದ, ಜೋಳ ಕೇರುವಾಗ ಇಳಿಸಿ, ಕೇರಿದ ಮೇಲೆ ಒರೆಸಿ ಮತ್ತೆ ತೂಗುಹಾಕುತ್ತಿದ್ದಳು.

ಖೋಲಿ ಚೆಂದವೇ ಆಯಿತು. ಮೊದಲು ಬಂದ ಸಾಹೇಬರು ಮಂಚದ ಮೇಲೆ ಕೂತು, "ಎಷ್ಟು ಸೊಗಸಾಗಿದೆ ಸ್ವಾಮಿ, ಥೇಟ್ ಹಳ್ಳಿ ಮನೆ!" ಎಂದರು.

ಪರದೆಯ ಹಿಂದೆ ಅವಲಕ್ಕಿಯ ತಾಟು ಹಿಡಿದು ನಿಂತಿದ್ದ ಸಾವಿತ್ರಿಬಾಯಿ, "ಮತ್ತ ಇವ ಎಲ್ಲಿಗೆ ಬಂದೇನಂತ ತಿಳದಾನ?" ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಆಕೆಯ ಹಾಸಿಗೆ ಅಡುಗೆಮನೆಗೆ ಹೋಯಿತು, ಒಲೆಯ ಪಕ್ಕಕ್ಕೆ. "ಇಲ್ಲಿ ಬೆಚ್ಚಗಿರತದ," ಎಂದಳು. ಅದು ಬಿರುಬೇಸಿಗೆ.

*

"ಬಸ್ ಹೋದದ್ದನ್ನ ನೀ ಕಣ್ಣಾರೆ ನೋಡಿದ್ಯೇನು?" ಎಂದರು ವಕೀಲರು. ಅಂಗಳದಲ್ಲಿ ಹೆಣವಿತ್ತು, ಹೊರಗೆ ಚಟ್ಟ ಕಟ್ಟುತ್ತಿದ್ದರು. ಆದರೂ ಸಾಕ್ಷಿದಾರರೊಬ್ಬರು ಎದುರಿಗೆ ನಿಂತಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಇಲ್ರಿ. ಹಾರ್ನ್ ಕೇಳಿದೆ."

"ಹಾರ್ನ್ ಎಷ್ಟ ಸಲ ಆತು?"

"ದಿನಾ ಎಷ್ಟ ಸಲ ಒದರತದೋ ಅಷ್ಟ ರೀ."

"ಹಾರ್ನ್ ಕೇಳಿದಾಗ ಆಕೀ ಉಸರ ಇತ್ತು. ಅದು ನಿನಗ ಹ್ಯಾಂಗ ಗೊತ್ತು?"

"ನನ್ನ ಕೈ ಹಿಡಕೊಂಡಿದ್ರು."

ಲೀಲಾ ತನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಹೆಂಗಸರು ಕಣ್ಣೊರೆಸಿಕೊಂಡರು. ವಕೀಲರು ಬೇರೆ ಸಾಕ್ಷಿ ಹುಡುಕಿದರು. ನಸುಕಿನಲ್ಲಿ ಅಂಗಳ ಸಾರಿಸಲು ಬರುವ ಹುಚ್ಚವ್ವ ತೊಲೆಬಾಗಿಲಿಗೆ ಒರಗಿ ಕೂತಿದ್ದಳು.

"ಏ ಹುಚ್ಚವ್ವಾ, ನೀ ಬಂದಾಗ ಬಸ್ ಹೋಗಿತ್ತೇನು? ಬಾಯಾರು ಇದ್ರೇನು?"

ಹುಚ್ಚವ್ವ ಲೀಲಾಳ ಮುಖ ನೋಡಿದಳು. ಆಮೇಲೆ ಹಲಗೆಯ ಮೇಲಿನ ಮುಖ ನೋಡಿದಳು. "ನನಗ ಕಿವಿ ಕೇಳಸಂಗಿಲ್ಲಲ್ರಿ ಯಪ್ಪಾ," ಎಂದಳು, ಎರಡು ಓಣಿಯಾಚೆಯ ಜಗಳವನ್ನು ಮಾತು ಮಾತಿಗೆ ಒಪ್ಪಿಸುತ್ತಿದ್ದ ಹುಚ್ಚವ್ವ.

"ಸಾಕು ಬಿಡೋ ದತ್ತೂ," ಎಂದಳು ಭಾಗೀರಥಿಬಾಯಿ. "ಹೆಣಾ ಇಟಗೊಂಡು ಕೋರ್ಟ್ ನಡಸಬ್ಯಾಡ. ಧನಿಷ್ಠಾ ಅಂದ್ರ ಧನಿಷ್ಠಾ."

ಆಚಾರ್ಯರು ಪಂಚಾಂಗ ಮಡಚಿದರು. ಲೀಲಾ ಅತ್ತೆಯ ಕಾಲಿಗೆ ಹಣೆ ಹಚ್ಚಿದಳು; ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

*

ಅಂದು ನಸುಕಿನಲ್ಲಿ ಸಾವಿತ್ರಿಬಾಯಿ ಒಲೆಯ ಪಕ್ಕದಲ್ಲೇ ಮಲಗಿದ್ದಳು. ಜ್ವರ ಬಂದು ವಾರವಾಗಿತ್ತು. ಹಿಂದಿನ ಸಂಜೆ ಡಾಕ್ಟರು ಚೀಲ ಮುಚ್ಚಿಕೊಂಡ ರೀತಿಯಿಂದಲೇ ಲೀಲಾಳಿಗೆ ತಿಳಿದಿತ್ತು.

"ಅತ್ಯಾ, ಆ ಖೋಲಿ ಖಾಲಿ ಅದ. ಅಲ್ಲಿ ಮಲಗ್ರಿ, ಗಾಳಿ ಬರತದ."

"ಬ್ಯಾಡ. ಇಲ್ಲೇ ಬಿಡು."

"ಒಂದಿನಾನೂ ಆ ಮಂಚದ ಮ್ಯಾಲೆ ಬೆನ್ನು ಹಚ್ಚಲಿಲ್ಲ ನೀವು. ನೀವ ಹೊಲಿದ ಕೌದಿ ಅದು."

"ಇಲ್ಲೇ ಛಲೋ ಅದ, ಲೀಲಾ. ಅಡಿಗಿಮನ್ಯಾಗ ಬಿಡು ನನ್ನ."

ಬೇಡ ಎನ್ನುವುದು ಆಕೆಯ ಹಳೆಯ ಚಾಳಿ. ಹಬ್ಬದ ಹೋಳಿಗೆಗೂ ಬೇಡ, ಹೊಸ ಸೀರೆಗೂ ಬೇಡ. ಲೀಲಾ ಕೇಳಲಿಲ್ಲ. ಎತ್ತಿಕೊಂಡಳು. ಅತ್ತೆ ತುಂಬಿದ ಕೊಡಕ್ಕಿಂತ ಹಗುರವಾಗಿದ್ದಳು. ಮಂಚದ ಮೇಲೆ ಮಲಗಿಸಿ, ಬೀದಿಯ ಕಡೆಯ ಕಿಟಕಿ ತೆರೆದಳು. ಸಾವಿತ್ರಿಬಾಯಿ ಆಚೀಚೆ ಗೋಡೆ ನೋಡಿ, "ನೀಲಿ ಜರಾ ಹೆಚ್ಚಾತು," ಎಂದಳು.

ಆಮೇಲೆ, "ಬಸ್ ಹೋತೇನು?"

"ಇಲ್ರಿ."

ಸ್ವಲ್ಪ ಹೊತ್ತಿಗೆ ಮತ್ತೆ, "ಹೋತೇನು?"

"ಇನ್ನೂ ಇಲ್ಲ. ಯಾರರೆ ಬರಾವ್ರಿದ್ದಾರೇನ್ರಿ?"

ಆಕೆ ಇಲ್ಲವೆಂದು ತಲೆಯಾಡಿಸಿದಳು. ಉಸಿರು ಬದಲಾದಾಗ ಲೀಲಾ ರೂಢಿಯಂತೆ ಆಕೆಯನ್ನು ಕೌದಿಯ ಸಮೇತ ನೆಲಕ್ಕೆ ಇಳಿಸಿಕೊಂಡಳು. ಆಗಲೂ ಸಾವಿತ್ರಿಬಾಯಿ ತಾನು ಹಿಡಿದಿದ್ದ ಸೊಸೆಯ ಮಣಿಕಟ್ಟನ್ನು ಬಿಡಲಿಲ್ಲ. ಹಗ್ಗ ಹಿಡಿದವರ ಹಿಡಿತ ಅದು. "ಇವತ್ತ ಯಾಕ ಇಷ್ಟ ತಡಾ ಮಾಡತದ, ಸುಡಗಾಡದ್ದು," ಎಂದು ಬಸ್ಸಿಗೆ ಬೈದಳು. ನಿಲ್ದಾಣದಲ್ಲಿ ಬಸ್ಸಿನ ಎಂಜಿನ್ನು ಕೆಮ್ಮುವುದು, ನಿಲ್ಲುವುದು, ಮತ್ತೆ ಕೆಮ್ಮುವುದು ಕೇಳಿಸುತ್ತಿತ್ತು. ಅದು ಹೊತ್ತಿಕೊಳ್ಳುವ ಮೊದಲೇ ಕೈ ಸಡಿಲಾಯಿತು.

ಲೀಲಾ ಯಾರನ್ನೂ ಎಬ್ಬಿಸದೆ ಕೂತಿದ್ದಳು. ಹಾರ್ನ್ ಆಯಿತು, ಬಸ್ಸು ಹೋಯಿತು. ಆಮೇಲೆ ಎದ್ದು ಮಾವನವರ ಬಾಗಿಲು ಬಡಿದಳು.

ಆಕೆಗೆ ಅರ್ಥವಾದದ್ದು, ಭಾಗೀರಥಿಬಾಯಿ ಬಂದವಳೇ ಅಳುವುದಕ್ಕೂ ಮುಂಚೆ, "ಧನಿಷ್ಠಾ ಹತ್ತಿತ್ತೇನು?" ಎಂದು ಕೇಳಿದಾಗ. ದಿನಾ ಬೆಳಗ್ಗೆ ಪಂಚಾಂಗ ಓದುತ್ತಿದ್ದ ಅತ್ತೆ ಬಸ್ಸಿನ ದಾರಿ ಕಾಯುತ್ತಿರಲಿಲ್ಲ, ನಕ್ಷತ್ರದ ದಾರಿ ಕಾಯುತ್ತಿದ್ದಳು. ಸೊಸೆಯ ಟ್ರಂಕು ಮತ್ತೆ ಬಿಚ್ಚದಿರಲೆಂದು ಇನ್ನೊಂದು ಚೂರು ಹೊತ್ತು ಬದುಕಲು ನೋಡಿದ್ದಳು.

*

ಸುಡುಗಾಡಿನಿಂದ ಗಂಡಸರು ಬಂದಾಗ ಬಿಸಿಲು ಇಳಿದಿತ್ತು. ಮಿಂದು, ಒದ್ದೆ ಪಂಚೆಯಲ್ಲಿ ಕಟ್ಟೆಯ ಮೇಲೆ ಕೂತರು. ವಕೀಲರು ಆಚಾರ್ಯರ ಹತ್ತಿರ ಸರಿದು ಕೂತರು.

"ಆಚಾರ್ರ, ಒಂದ ಮಾತು. ಆಕೀ ತೀರಿಕೊಂಡಿದ್ದು ಯಾವ ಖೋಲ್ಯಾಗ? ಅದಕ್ಕ ಬೀದಿ ಕಡೆ ಬ್ಯಾರೆ ಬಾಗಲಾ ಅದ. ಹೋಗಿ ಬರೂ ಹಾದಿ ಬ್ಯಾರೆ. ಖರೇ ನೋಡಿದ್ರ ಅದು ನಮ್ಮ ಗ್ವಾಡಿಗೆ ಹತ್ತಿದ ಬ್ಯಾರೆ ಮನೀನ ಅಲ್ಲೇನು?"

ಆಚಾರ್ಯರು ಯೋಚಿಸಿದರು. ಎದ್ದು ಹೋಗಿ ಹೊರಬಾಗಿಲನ್ನು ನೋಡಿ ಬಂದರು. "ಬರತದ್ರಿ ಹಂಗ. ಆ ಖೋಲಿಯಷ್ಟ ಮುಚ್ರಿ. ಹೊರಗಿನ ಬಾಗಲಕ್ಕ ಮುಳ್ಳು, ಒಳಗಿನದಕ್ಕ ಕೀಲಿ. ಒಳಗಿನ ಒಂದು ಸಾಮಾನೂ ಆರು ತಿಂಗಳು ಹೊರಗ ಬರಬಾರದು. ನಿಮ್ಮ ದೈವ ಛಲೋ ಅದ. ಅಡಿಗಿಮನ್ಯಾಗ ಆಗಿತ್ತಂದ್ರ ನಾ ಏನೂ ಮಾಡಲಿಕ್ಕೆ ಬರತಿರ್ಲಿಲ್ಲ. ಒಲಿ ಇದ್ದಲ್ಲೇ ಮನೀ. ಎಲ್ಲಾರನ್ನೂ ಹೊರಗ ಹಾಕ್ತಿದ್ದೆ."

ಲೀಲಾ ಬಾಗಿಲ ಹಿಂದೆ ನಿಂತು ಕೇಳಿದಳು. ಅತ್ತೆಯನ್ನು ಅಡುಗೆಮನೆಯಿಂದ ಎತ್ತಿ ತಂದಿದ್ದ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಅವು ಒದ್ದೆಯಾಗಿರಲಿಲ್ಲ.

ಶ್ರೀಧರ ಒಳಗೆ ಬಂದ. "ಆರ ತಿಂಗಳ ತಾನ, ಲೀಲಾ," ಎಂದ, ತನ್ನ ಕಾಲ್ಬೆರಳು ನೋಡುತ್ತ. "ಅಪ್ಪಾ ಒಬ್ಬರ ಆಗತಾರ. ಕ್ವಾರ್ಟರ್ಸ್ ಏನ ಓಡಿ ಹೋಗತದ?"

ಆರು ತಿಂಗಳು ಖೋಲಿಗೆ. ತನಗೆ ಎಷ್ಟೆಂದು ಯಾರೂ ಹೇಳಲಿಲ್ಲ.

"ಹದಿಮೂರನೇ ದಿವಸಕ್ಕ ಮಂದಿ ಬರತಾರ," ಎನ್ನುತ್ತಿದ್ದಳು ಭಾಗೀರಥಿಬಾಯಿ. "ಆಮ್ಯಾಲ ಸಾಹೇಬರು ಬರೂದು ನಿಲ್ಲತದೇನು? ಅವರಿಗೆ ಮ್ಯಾಲಿನ ನಿನ್ನ ಖೋಲಿ ಆಗತದ, ಬೆಳಕು ಛಲೋ ಅದ. ಮಂಚಕ್ಕ ನೀಲಪ್ಪಗ ಹೇಳಿದ್ರಾತು."

"ಮತ್ತ ನಾ ಎಲ್ಲಿ ಮಲಗಲಿ?"

"ಅಯ್ಯ, ಒಲಿ ಹತ್ರ ಜಾಗಾ ಖಾಲಿ ಆಗೇದಲ್ಲವಾ." ಆಕೆ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. "ನಮ್ಮ ಮಂದಿ ಈಗ ಗಜೇಂದ್ರಗಡಕ್ಕ ಹೊಂಟಾರ. ಲಗೂನ ಮ್ಯಾಲೆ ಹೋಗಿ ಕಿಡಕಿ ಅಗಲ ಎಷ್ಟದ ನೋಡಿ ಹೇಳು. ಪಡದೆ ಅರಿವಿ ಕಳಸಂತೀನಿ."

ಲೀಲಾ ಮೇಲೆ ಹೋದಳು. ಕಿಟಕಿಗೆ ಕಬ್ಬಿಣದ ಕಂಬಿಗಳಿದ್ದವು. ಹೆಬ್ಬೆರಳನ್ನು ಮೊದಲ ಕಂಬಿಗೆ ಊರಿ, ಕಿರುಬೆರಳು ಚಾಚಿ ಗೇಣು ಹಾಕಿದಳು.

ಕೆಳಗೆ ಬೀದಿಯಲ್ಲಿ ಚೀಲ ಹಿಡಿದು ಹೊರಟಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

"ಅತ್ತಿ ಸಲುವಾಗಿ ಎಷ್ಟ ಮರಗತದ ನೋಡ್ರಿ ಆ ಹುಡಗಿ. ಕಂಬಿ ಹಿಡಕೊಂಡು ನಿಂತಾಳ."

ಒಂದು ಗೇಣು. ಎರಡು. ಮೂರನೆಯದಕ್ಕೆ ಕೈ ಸಾಗುವಷ್ಟರಲ್ಲಿ ಲೆಕ್ಕ ತಪ್ಪಿತು. ಅವಳು ಮತ್ತೆ ಮೊದಲನೆಯ ಕಂಬಿಗೆ ಹೆಬ್ಬೆರಳು ಊರಿದಳು.